ಮಾರಿಷಸ್ಸೋ, ಶ್ರೀಲಂಕಾವೋ: ಬಳ್ಳಾರಿಯ ಜೀನ್ಸ್ ವ್ಯಾಪಾರಿಗೆ ಯಾವುದು ಹೊಂದುತ್ತದೆ?

ಬಳ್ಳಾರಿಯಿಂದ ಕೊಲಂಬೊ ಹತ್ತಿರ, ಶ್ರೀಲಂಕಾದಲ್ಲಿ ಸುಮಾರು 2.2 ಕೋಟಿ ಜನರ ಮಾರುಕಟ್ಟೆಯೂ ಇದೆ. ತೊಡಕಿರುವುದು ಅಂಗಡಿ ತೆರೆಯುವಲ್ಲಿ. ಚಿಲ್ಲರೆ ವ್ಯಾಪಾರಕ್ಕೆ ವಿದೇಶಿಯರು ಅಲ್ಲಿ 50 ಲಕ್ಷ ಡಾಲರ್ ಹೂಡಬೇಕು. ಅದಕ್ಕೇ ಸ್ಥಳೀಯರ ಹೆಸರಲ್ಲಿ ಅಂಗಡಿ ಹಾಕಿ ಹಿಂದಿನಿಂದ ದುಡ್ಡು ಕೊಡುವ ಸಲಹೆ ಬರುತ್ತದೆ. ದಯವಿಟ್ಟು ಒಪ್ಪಬೇಡಿ, ಜಗಳವಾದರೆ ನಿಮ್ಮ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. ಅಲ್ಲಿನ ಸಗಟು ವ್ಯಾಪಾರಿಗೆ ಇಲ್ಲಿಂದಲೇ ರಫ್ತು ಮಾಡುವುದು ಮೇಲು.

ಜಮೀನೂ ಅಷ್ಟೇ: 2014ರ ಕಾಯ್ದೆ ಪ್ರಕಾರ ವಿದೇಶಿಯರು ಕೊಳ್ಳುವಂತಿಲ್ಲ, ಅರ್ಧ ಅಥವಾ ಹೆಚ್ಚು ಷೇರು ವಿದೇಶಿಯರದಾಗಿದ್ದರೆ ಕಂಪನಿಯೂ ಕೊಳ್ಳುವಂತಿಲ್ಲ. 99 ವರ್ಷದವರೆಗಿನ ಗುತ್ತಿಗೆ ಸಿಗುತ್ತದೆ. ಹೂಡಿಕೆಯ ಹಣವನ್ನು ಅಲ್ಲಿನ ಬ್ಯಾಂಕಿನ ಒಳಹೂಡಿಕೆ ಖಾತೆಯ (ವಿದೇಶಿ ಹೂಡಿಕೆಗೆಂದೇ ಇರುವ ಖಾತೆ) ಮೂಲಕವೇ ತನ್ನಿ, ಇಲ್ಲವಾದರೆ ಲಾಭ ವಾಪಸ್ ತರುವಾಗ ಸಿಕ್ಕಿಹಾಕಿಕೊಳ್ಳುತ್ತೀರಿ.

ಮಾರಿಷಸ್‌ನಲ್ಲಿ ಕಂಪನಿ ತೆರಿಗೆ ಶೇ 15, ಶ್ರೀಲಂಕಾದಲ್ಲಿ ಶೇ 30. ಮಾರಿಷಸ್‌ನಲ್ಲಿ ನೆಲೆಸಿ ವ್ಯಾಪಾರ ಮಾಡುವ ಪರವಾನಗಿಯಾದ ಹೂಡಿಕೆದಾರರ ಆಕ್ಯುಪೇಶನ್ ಪರ್ಮಿಟ್‌ಗೆ ಆರಂಭಿಕ 50,000 ಡಾಲರ್ ಸಾಕು, ನಂತರ ವಹಿವಾಟಿನ ಗುರಿ ಮುಟ್ಟಬೇಕು. ಜನಸಂಖ್ಯೆ ಮಾತ್ರ ಸುಮಾರು 12.5 ಲಕ್ಷ. ಅಷ್ಟು ಚಿಕ್ಕ ಪೇಟೆಗೆ ಕಂಟೇನರ್ ತುಂಬ ಒಂದೇ ಮಾದರಿ ಪ್ಯಾಂಟ್ ಕಳಿಸಿದರೆ ಮಾಲು ಗೋದಾಮಿನಲ್ಲೇ ಕೊಳೆಯುತ್ತದೆ.

ಎರಡೂ ದೇಶಕ್ಕೆ ಹಣ ಕಳಿಸಲು ಭಾರತದ ನಿಯಮ ಒಂದೇ. ವ್ಯಕ್ತಿಗೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಹೂಡಿಕೆಗೆ 10 ಲಕ್ಷ ರೂಪಾಯಿ ಮೀರಿ ಕಳಿಸಿದರೆ ಮೀರಿದ ಮೊತ್ತಕ್ಕೆ ಶೇ 20 ಟಿಸಿಎಸ್ (ಬ್ಯಾಂಕು ಮೊದಲೇ ವಸೂಲು ಮಾಡುವ ತೆರಿಗೆ), ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಹಣ ಕಳಿಸುವ ಮುನ್ನ ಬ್ಯಾಂಕಿಗೆ ವಿದೇಶಿ ಹೂಡಿಕೆಯ ಅರ್ಜಿಯಾದ ಫಾರ್ಮ್ ಎಫ್‌ಸಿ ಕೊಟ್ಟು ಯುಐಎನ್ (ಆ ಹೂಡಿಕೆಯ ಗುರುತಿನ ಸಂಖ್ಯೆ) ಪಡೆಯಿರಿ, 6 ತಿಂಗಳೊಳಗೆ ಷೇರು ಪ್ರಮಾಣಪತ್ರ ಸಲ್ಲಿಸಿ.

ಸ್ವಂತ ಕಂಪನಿ ಕಟ್ಟಿ ನೆಲೆಸುವವರಿಗೆ ಮಾರಿಷಸ್, ಮಾಲು ಮಾತ್ರ ಮಾರುವವರಿಗೆ ಕೊಲಂಬೊ.