ಶಿವಾಜಿನಗರದ ಗುಜರಿ: ಎಡಗಡೆ ಚಿಲಕ ಸಿಗುವವರೆಗೆ

ಮೊದಲೇ ಹೇಳಿಬಿಡುತ್ತೇನೆ. ಬೋರ್ಡು, ಬಿಲ್ಲು, ಗ್ಯಾರಂಟಿ, ಕೂರಲು ಕುರ್ಚಿ ಎಲ್ಲ ಬೇಕು ಅನ್ನುವವರು ಈ ಕಡೆ ಬರಬೇಡಿ. ಮನೆಯಲ್ಲಿ ಹಳೆಯ ಫಿಯಟ್ಟೋ ಅಂಬಾಸಿಡರೋ ನಿಂತಿದೆ, ಅದರದ್ದೊಂದು ಸಣ್ಣ ಸಾಮಾನು ಎಲ್ಲೂ ಸಿಗದೆ ತಲೆ ಕೆಟ್ಟಿದೆ ಅಂದರೆ ಮಾತ್ರ ಮುಂದೆ ಓದಿ. ಒಂದೂವರೆ ವರ್ಷದಲ್ಲಿ ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಐದು ಸಲ ಹೋಗಿದ್ದೇನೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ನಾನು ಮೇಷ್ಟ್ರು ಕೆಲಸದವಳು, ಅರ್ಧ ಅಂಕವೂ ಸುಮ್ನೆ ಕೊಡುವುದಿಲ್ಲ.

ನಮ್ಮದು 1969ರ ಫಿಯಟ್ 1100 ಡಿಲೈಟ್. ಅಪ್ಪ ಕೆ.ಜಿ.ಎಫ್. ಗಣಿಯ ಅಕೌಂಟ್ಸ್ ಸೆಕ್ಷನ್‌ನಲ್ಲಿದ್ದರು. 1983ರಲ್ಲಿ ಊರು ಬಿಟ್ಟು ಹೊರಟಿದ್ದ ಆಫೀಸರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡರು. ಸ್ಟೇರಿಂಗ್ ಪಕ್ಕದಲ್ಲೇ ಗೇರ್, ಮುಂದೆ ಉದ್ದಕ್ಕೂ ಒಂದೇ ಸೀಟು, 1089 ಸಿಸಿ ಇಂಜಿನ್. ನಾಲ್ಕು ಜನ ಮಕ್ಕಳು, ಅಜ್ಜಿ, ಒಂದು ಮೂಟೆ ಹುಣಸೆಹಣ್ಣು ಎಲ್ಲ ಹಾಕಿಕೊಂಡು ಮುಳಬಾಗಿಲಿಗೆ ಹೋಗಿಬರುತ್ತಿದ್ದ ಗಾಡಿ. ಗಣಿ 2001ರಲ್ಲಿ ಮುಚ್ಚಿತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಮುಂಬೈನ ಪ್ರೀಮಿಯರ್ ಕಂಪನಿ ಇದೇ ಫಿಯಟ್ ವಂಶದ ಪದ್ಮಿನಿ ಕಾರು ಮಾಡುವುದನ್ನೂ ನಿಲ್ಲಿಸಿತು. ಅಪ್ಪ ಬಂಗಾರಪೇಟೆಗೆ ಬಂದು ಮನೆ ಕಟ್ಟಿದರು. ಕಾರು ಶೆಡ್ಡಿಗೆ ಹೋಯಿತು. ಈಗ ಅಪ್ಪನಿಗೆ 84. ಕಾರನ್ನು ಮತ್ತೆ ಓಡಿಸುವ ಹುಚ್ಚು ನನ್ನದು. ಧರ್ಮಸ್ಥಳಕ್ಕೆ ಮಕ್ಕಳ ಟೂರ್ ಕರೆದುಕೊಂಡು ಹೋಗಿದ್ದಾಗ ಅಲ್ಲಿನ ಮ್ಯೂಸಿಯಂನ ಹಳೆಯ ಕಾರುಗಳನ್ನು ನೋಡಿ ಹಿಡಿದದ್ದು.

ಫಿಯಟ್ ಇಟ್ಟವರಿಗೆ ಒಂದು ಅನುಕೂಲ ಇದೆ. ಡಿಲೈಟ್, 1972ರ ಹೊತ್ತಿಗೆ ಬಂದ ಪ್ರೆಸಿಡೆಂಟ್, 1974ರಿಂದ ಪದ್ಮಿನಿ. ಹೆಸರು ಬದಲಾಯಿತು, ಮುಂದಿನ ಗ್ರಿಲ್ ಬದಲಾಯಿತು, ಮೈಕಟ್ಟು ಮಾತ್ರ ಅದೇ. ಹಾಗಾಗಿ ಗುಜರಿಗೆ ಬಂದು ಬೀಳುವ ಪ್ರತಿ ಪದ್ಮಿನಿಯೂ ನಮ್ಮ ಕಾರಿಗೆ ಒಂಥರಾ ಚಿಕ್ಕಮ್ಮ. ಡಿಲೈಟ್‌ಗಿಂತ ಹಿಂದಿನ ಫಿಯಟ್‌ಗಳದ್ದು ಬೇರೆ ಕಥೆ. ಅವುಗಳ ಮುಂದಿನ ಬಾಗಿಲು ಉಲ್ಟಾ ತೆರೆಯುತ್ತಿತ್ತು. ಅಂಥ ಕಾರಿರುವವರ ಕಷ್ಟ ದೇವರಿಗೇ ಪ್ರೀತಿ.

ನನಗೆ ಬೇಕಿದ್ದದ್ದು ಏನು ಗೊತ್ತಾ? ಮುಂದಿನ ಬಾಗಿಲಿನ ಮೂಲೆಯಲ್ಲಿ ಒಂದು ತ್ರಿಕೋನ ಗಾಜು ಇರುತ್ತದಲ್ಲ, ತಿರುಗಿಸಿದರೆ ಮುಖಕ್ಕೆ ನೇರವಾಗಿ ಗಾಳಿ ಬೀಸುವುದು, ಅದರ ಚಿಲಕ. ಹೆಬ್ಬೆರಳಷ್ಟು ಉದ್ದ. ಎಡಗಡೆಯದು ಮುರಿದುಹೋಗಿತ್ತು. ಅಮ್ಮ ಕೂರುತ್ತಿದ್ದ ಕಡೆ. ಅಪ್ಪ ಅಲ್ಲಿಗೆ ಒಂದು ಅಡಿಕೆ ಪಟ್ಟೆ ಚೂರು ಮಡಚಿ ಸಿಗಿಸಿದ್ದರು. ಅದು ಇಪ್ಪತ್ತು ವರ್ಷ ಹಾಗೇ ಇತ್ತು.

ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಹೊರಟು ಕಂಟೋನ್ಮೆಂಟ್‌ನಲ್ಲಿ ಇಳಿದರೆ ಆಟೋದಲ್ಲಿ ಹತ್ತಿರ. ಕಾರು ತಗೊಂಡು ಹೋಗಬೇಡಿ, ನಿಲ್ಲಿಸಲು ಜಾಗವಿಲ್ಲ. ಜಾಗ ಸಿಕ್ಕಿದರೂ ಹಳೆಯ ಕಾರಲ್ಲಿ ಇಳಿದರೆ ರೇಟು ಅಲ್ಲೇ ಏರುತ್ತದೆ. ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿನ ಹೊತ್ತಿಗೆ ನಾನು ಹೋಗಿದ್ದಾಗ ಅರ್ಧದಷ್ಟು ಅಂಗಡಿಗಳು ಬಾಗಿಲು ಹಾಕಿದ್ದವು. ಹತ್ತೂವರೆಗೆ ಹೋದರೆ ಸರಿ. ಆಗಷ್ಟೇ ಬಾಗಿಲು ತೆರೆದಿರುತ್ತಾರೆ, ಮಾತಾಡಲು ಪುರುಸೊತ್ತಿರುತ್ತದೆ.

ಗಲ್ಲಿಗೆ ಕಾಲಿಟ್ಟರೆ ಮೊದಲು ಬರುವುದು ವಾಸನೆ. ಗೇರ್ ಆಯಿಲ್, ಸೀಮೆಎಣ್ಣೆ, ಸುಲೈಮಾನಿ ಚಹಾ. ಎರಡೂ ಕಡೆ ಆಳೆತ್ತರಕ್ಕೆ ಬಾಗಿಲು, ಬಂಪರ್, ರೇಡಿಯೇಟರ್. ಇಂಜಿನ್‌ಗಳನ್ನು ಹಲಸಿನ ಹಣ್ಣು ಜೋಡಿಸಿದ ಹಾಗೆ ಜೋಡಿಸಿದ್ದಾರೆ. ಜಾಸ್ತಿ ಮಾರುತಿ, ಟಾಟಾ ಸಾಮಾನು. ಹಳೆಯ ಗಾಡಿಯದ್ದು ಒಳಗೆ, ಕತ್ತಲಲ್ಲಿ ಇರುತ್ತದೆ. ಕೇಳದೆ ಹೊರಗೆ ಬರುವುದಿಲ್ಲ.

ಮೊದಲ ಸಲ ಹೋದಾಗ ನಾಲ್ಕು ಅಂಗಡಿಯಲ್ಲೂ ಒಂದೇ ಪ್ರಶ್ನೆ. "ಯಜಮಾನ್ರು ಬರ್ಲಿಲ್ವಾ ಮೇಡಂ?" ಐದನೆಯದರಲ್ಲಿ ಹಾಗೆ ಕೇಳಲಿಲ್ಲ. ಆ ಅಂಗಡಿಗೆ ಬೋರ್ಡಿಲ್ಲ. ಒಂದು ಅಂಬಾಸಿಡರ್ ಬಾನೆಟ್ ಅಡ್ಡ ಇಟ್ಟು ಅದನ್ನೇ ಕೌಂಟರ್ ಮಾಡಿಕೊಂಡಿದ್ದಾರೆ. ಅರವತ್ತು ದಾಟಿದ ಭಾಯ್ ಒಬ್ಬರು, ಕನ್ನಡಕ ಹಣೆಯ ಮೇಲೆ. "ಯಾವ ಗಾಡಿ, ಯಾವ ಇಸವಿ, ಯಾವ ಕಡೆ?" ಅಂದರು. ನಾನು ಮೂರಕ್ಕೂ ಉತ್ತರ ಕೊಟ್ಟೆ. "ಹಳೇದು ತಂದಿದ್ದೀರಾ?" ತಂದಿರಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದೆ. ಅವರು ನೋಡಲೂ ಇಲ್ಲ. "ಫೋಟೋದಲ್ಲಿ ಅಳತೆ ಇರಲ್ಲ ಮೇಡಂ. ಹಳೇದು ತಗೊಂಡು ಬನ್ನಿ" ಅಂದುಬಿಟ್ಟರು.

ರೈಲು ಹತ್ತಿ ಬಂದವಳಿಗೆ ಸಿಟ್ಟು ಬಂತು. ಎರಡು ಅಂಗಡಿ ಆಚೆ ಒಬ್ಬ ಹುಡುಗ "ಇದೇ ಬೇಕಾಗಿರೋದು, ಗ್ಯಾರಂಟಿ" ಎಂದು ಒಂದು ಚಿಲಕ ಕೊಟ್ಟ, 400 ರೂಪಾಯಿಗೆ. ಮನೆಗೆ ತಂದು ಇಟ್ಟು ನೋಡಿದರೆ ಬಲಗಡೆಯದು. ಎಡ, ಬಲ ಎರಡೂ ಕನ್ನಡಿಯಲ್ಲಿ ನೋಡಿದ ಹಾಗೆ ಇರುತ್ತವೆ, ಕೈಯಲ್ಲಿ ಹಿಡಿದರೆ ಗೊತ್ತೇ ಆಗುವುದಿಲ್ಲ. ಎಂಟನೇ ಕ್ಲಾಸಿಗೆ ಪಾರ್ಶ್ವ ವಿಪರ್ಯಯ ಪಾಠ ಮಾಡುವವಳು ನಾನು. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆ, ಗಾಡಿ ಉಲ್ಟಾ ಮಾಡಿದ್ರೆ ಸರಿಹೋಗುತ್ತೆ" ಅಂದರು.

ಎರಡನೇ ಸಲ ಮುರಿದ ಚಿಲಕ, ಬಲಗಡೆಯ ಚಿಲಕ ಎರಡನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋದೆ. ಭಾಯ್ ಕನ್ನಡಕ ಇಳಿಸಿಕೊಂಡರು. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಬೂದು ಬಣ್ಣ, ಸಕ್ಕರೆ ಹರಳಿನ ಹಾಗೆ. "ಇದು ಮಜಾಕ್ ಅಕ್ಕ. ಎರಕ ಹೊಯ್ದಿರೋದು. ವೆಲ್ಡಿಂಗ್ ನಿಲ್ಲಲ್ಲ." ಮಜಾಕ್ ಅಂದರೆ ತಮಾಷೆಯಲ್ಲ, ಸತುವಿನ ಒಂದು ಮಿಶ್ರಲೋಹ. ಹೊರಗಿನ ಕ್ರೋಮ್ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಅಂಥದ್ದನ್ನು ತಗೊಳ್ಳಬೇಡಿ, ಪಾಲಿಶ್ ಮಾಡಿದರೆ ಗುಳ್ಳೆ ಗುಂಡಿಯಾಗುತ್ತದೆ, ಮತ್ತೆ ಪ್ಲೇಟಿಂಗ್ ಕೂರುವುದಿಲ್ಲ ಅಂತಲೂ ಹೇಳಿದರು. ಆಮೇಲೆ ಒಂದು ಹಳೆಯ ಡಾಲ್ಡಾ ಡಬ್ಬ ತಂದು ಬಾನೆಟ್ ಮೇಲೆ ಸುರಿದರು. ಗಾಜು ಏರಿಸುವ ಹ್ಯಾಂಡಲ್, ಗುಬುಟು, ಸ್ಕ್ರೂ, ಬೀಗದ ಕೈ. ಅದರಲ್ಲಿ ಬೆರಳಾಡಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಮೂರು ಚಿಲಕ ಪಕ್ಕಕ್ಕಿಟ್ಟರು. ಎರಡು ಬಲ, ಒಂದು ಎಡ. ಎಡಗಡೆಯದರ ಸ್ಪ್ರಿಂಗ್ ಒತ್ತಿ ಬಿಟ್ಟರು. ಟಕ್ ಅಂತು.

ರೇಟು 900 ಅಂದರು. ನಾನು 300 ಅಂದೆ. ಅವರು ನಕ್ಕು ಚಿಲಕವನ್ನು ಡಬ್ಬಕ್ಕೆ ಹಾಕಿದರು. ನಾನು ನನ್ನ ಬಲಗಡೆಯ ಚಿಲಕವನ್ನು ಬಾನೆಟ್ ಮೇಲಿಟ್ಟೆ. ಅವರು ಡಬ್ಬದಿಂದ ಮತ್ತೆ ತೆಗೆದರು. ಕೊನೆಗೆ ಅದನ್ನು ಅವರಿಗೆ ಕೊಟ್ಟು, ಮೇಲೆ 350 ಕೊಟ್ಟೆ. ಹೊರದೇಶದಲ್ಲಿ ದೊಡ್ಡ ಮೈದಾನದಲ್ಲಿ ಹಳೆಯ ಕಾರಿನ ಸಾಮಾನು ಹರಡಿಕೊಂಡು ಕೊಡು ತಗೋ ಮಾಡುವ ಸಂತೆ ನಡೆಯುತ್ತದಂತಲ್ಲ, ಅಮೆರಿಕದ ಹರ್ಷಿ ಊರಿನಲ್ಲಿ 1955ರಿಂದ ನಡೆಯುವಂಥದ್ದು. ನಮಗೆ ಆ ಬಾನೆಟ್ಟೇ ಮೈದಾನ. ಮುಂದಿನ ಸಲ ಶೆಡ್ಡಿನಲ್ಲಿದ್ದ ಹೆಚ್ಚಿನ ಡೈನಮೋ ಒಂದನ್ನು ಗೋಣಿಚೀಲದಲ್ಲಿ ಹೊತ್ತು ತಂದು, ಬದಲಿಗೆ ಎರಡು ವೀಲ್ ಕಪ್ (ಚಕ್ರದ ನಡುವಿನ ಮುಚ್ಚಳ) ಇಸಕೊಂಡೆ. ಭುಜ ಎರಡು ದಿನ ನೋವಿತ್ತು.

ಇಷ್ಟಕ್ಕೇ ಐದಕ್ಕೆ ಐದು ಕೊಡಬಹುದಿತ್ತು. ಆದರೆ ಕಾರ್ಬುರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಸಾಮಾನಿನ ವಿಷಯ ಇದೆ.

ಅದು ಭಾಯ್ ಹತ್ತಿರ ತಂದದ್ದಲ್ಲ, ಅದೇ ಗಲ್ಲಿಯ ಇನ್ನೊಂದು ಅಂಗಡಿಯದು. ಸೋಲೆಕ್ಸ್ ಕಾರ್ಬುರೇಟರ್, ತೊಳೆದು ಮಿರಮಿರ ಅನ್ನಿಸಿದ್ದರು. 2,800 ಕೊಟ್ಟೆ. ಹಾಕಿದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ (ನಿಂತಲ್ಲೇ ಇಂಜಿನ್ ಒಂದೇ ಸಮ ಓಡುವುದು) ಮಾತ್ರ ನಿಲ್ಲುವುದಿಲ್ಲ. ಒಮ್ಮೆ ಹೋ ಅಂತ ಏರುತ್ತದೆ, ಒಮ್ಮೆ ಸತ್ತೇ ಹೋಗುತ್ತದೆ. ನಮ್ಮೂರಿನ ಮೆಕ್ಯಾನಿಕ್ ಬಂದವರೇ ಥ್ರಾಟಲ್ ಕಡ್ಡಿಯನ್ನು, ಅಂದರೆ ಆಕ್ಸಿಲರೇಟರ್ ಒತ್ತಿದರೆ ತಿರುಗುವ ಕಡ್ಡಿಯನ್ನು, ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಲೊಡಲೊಡ. ಕಡ್ಡಿ ಕೂರುವ ತೂತು ಸವೆದು ಅಗಲವಾಗಿದೆ, ಅಲ್ಲಿಂದ ಬರಬಾರದ ಸುಳ್ಳು ಗಾಳಿ ಎಳೆಯುತ್ತಿದೆ. ಲೇತ್‌ನಲ್ಲಿ ಹಿತ್ತಾಳೆ ಬುಷ್ ಮಾಡಿಸಿ ಕೂರಿಸಲು ಇನ್ನೂ 700 ಹೋಯಿತು. ತಗೊಂಡ ಅಂಗಡಿಗೆ ಫೋನ್ ಮಾಡಿದರೆ "ನೋಡಿ ತಾನೇ ತಗೊಂಡ್ರಿ" ಅಂದರು. ನಿಜ, ನೋಡಿಯೇ ತಗೊಂಡಿದ್ದೆ. ಅಲ್ಲಾಡಿಸಿರಲಿಲ್ಲ. ಕಾರ್ಬುರೇಟರ್ ತಗೊಳ್ಳುವವರು ದಯವಿಟ್ಟು ಮೊದಲು ಆ ಕಡ್ಡಿ ಅಲ್ಲಾಡಿಸಿ, ಹೊಳಪು ಆಮೇಲೆ ನೋಡಿ.

ಅಲ್ಲಿಂದ ಈಚೆ ನನ್ನ ಬ್ಯಾಗಿನಲ್ಲಿ ಒಂದು ಟಾರ್ಚು, ಅಳತೆಗೆ ಒಂದು ವರ್ನಿಯರ್, ಒಂದು ಅಯಸ್ಕಾಂತ ಇರುತ್ತವೆ. ಬಾಗಿಲು, ಮಡ್‌ಗಾರ್ಡ್ ನೋಡುವಾಗ ಅಯಸ್ಕಾಂತ ಬೇಕೇ ಬೇಕು. ತಗಡಿದ್ದ ಕಡೆ ಗಪ್ಪನೆ ಹಿಡಿಯುತ್ತದೆ, ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. ಒಂದು ಬಾಗಿಲ ಕೆಳಗಂಚಿಗೆ ಇಟ್ಟರೆ ಒಂದು ಗೇಣು ಉದ್ದಕ್ಕೂ ಜಾರಿತು. ಅಂಗಡಿಯವರು "ಏನ್ ಮೇಡಂ, ಡಾಕ್ಟ್ರಾ?" ಅಂದರು.

ರಬ್ಬರ್ ಸಾಮಾನನ್ನು ಗುಜರಿಯಲ್ಲಿ ಕೊಳ್ಳಲೇಬೇಡಿ. ಬ್ರೇಕ್ ಸಿಲಿಂಡರ್ ವಾಷರ್, ಪೆಟ್ರೋಲ್ ಪಂಪಿನ ಡಯಾಫ್ರಂ ಇವೆಲ್ಲ ಡಬ್ಬಿ ಒಡೆಯದೆ ಮೂವತ್ತು ವರ್ಷ ಇದ್ದರೂ ಒಳಗೇ ಗಟ್ಟಿಯಾಗಿರುತ್ತವೆ. ಈ ಕಾರಿಗೆ ನಾಲ್ಕೂ ಡ್ರಮ್ ಬ್ರೇಕು, ಅದರಲ್ಲಿ ಹಳೇ ವಾಷರ್ ಬೇರೆ ಹಾಕಿ ಇಳಿಜಾರಲ್ಲಿ ದೇವರ ನೆನೆಯುವುದು ಯಾಕೆ? ಈಗ ಬಂಕಿನಲ್ಲಿ ಬರುವುದು 20% ಎಥನಾಲ್ ಬೆರೆತ ಪೆಟ್ರೋಲ್, ಅದು ಹಳೆಯ ಕಾಲದ ರಬ್ಬರಿಗೆ ಆಗಿಬರುವುದಿಲ್ಲ. ಇವಕ್ಕೆ ಬೆಂಗಳೂರಿನಲ್ಲೇ ಗಾಡಿ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ ಹೊಸದು ತಗೊಳ್ಳಿ. ಅಲ್ಲಿ ಬಿಲ್ ಕೊಡುತ್ತಾರೆ, ಫ್ಯಾನಿದೆ. ಆದರೆ ಅಲ್ಲಿಯೂ ಕಣ್ಣು ಬಿಟ್ಟಿರಬೇಕು. ಒಂದು ಅಂಗಡಿಯಲ್ಲಿ "ಒರಿಜಿನಲ್" ಎಂದು ಕೊಟ್ಟ ಡಿಸ್ಟ್ರಿಬ್ಯೂಟರ್ ಪಾಯಿಂಟ್ (ಪ್ಲಗ್‌ಗೆ ಕಿಡಿ ಹುಟ್ಟಿಸಲು ಕರೆಂಟನ್ನು ಕಡಿಯುವ ಸಣ್ಣ ಸಾಮಾನು) ಮೂರು ವಾರಕ್ಕೆ ಸುಟ್ಟಿತು. ಡಬ್ಬಿ ಮಾತ್ರ ಬಹಳ ಚೆನ್ನಾಗಿತ್ತು.

ಪ್ಲಗ್ ವಿಷಯದಲ್ಲಿ ಒಂದು ಸಣ್ಣ ಖುಷಿ. ಭಾಯ್ ಡಬ್ಬದ ತಳದಲ್ಲಿ ಬಿಚ್ಚದ ಮೈಕೋ ಕಂಪನಿಯ ಸ್ಪಾರ್ಕ್ ಪ್ಲಗ್‌ಗಳು ನಾಲ್ಕು ಸಿಕ್ಕವು. ಆಡುಗೋಡಿಯ ಮೈಕೋ ಹೆಸರು 2008ರಲ್ಲಿ ಬಾಷ್ ಆಯಿತು, ಹಾಗಾಗಿ ಇವು ಅದಕ್ಕೂ ಹಿಂದಿನವು. ಹಾಕಿಲ್ಲ. ಶೋಕೇಸಿನಲ್ಲಿ ಗೊಂಬೆ ಪಕ್ಕ ಇಟ್ಟಿದ್ದೇನೆ, ಮಗಳು ನಗುತ್ತಾಳೆ.

ಇಂಜಿನ್ ಕೊಳ್ಳುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. "ಫುಲ್ ಇಂಜಿನ್, 15 ಸಾವಿರ, ಇವತ್ತೇ ಎತ್ಕೊಳ್ಳಿ" ಅಂತ ನನಗೂ ಹೇಳಿದವರಿದ್ದಾರೆ. ಕಾಗದವಿಲ್ಲದ ಇಂಜಿನ್ ಹಾಕಿದರೆ ಆರ್‌ಸಿಯಲ್ಲಿರುವ ನಂಬರಿಗೆ ತಾಳೆ ಆಗುವುದಿಲ್ಲ. ಅದೂ ಅಲ್ಲದೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ಮಾಡಿದೆ. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು. ಹೊಸದಾಗಿ ರಿಜಿಸ್ಟರ್ ಮಾಡಿಸಿದರೆ 20,000 ಶುಲ್ಕ ಮತ್ತು ವಿಎ ಸೀರೀಸ್ ನಂಬರ್, ಮೊದಲೇ ರಿಜಿಸ್ಟರ್ ಆಗಿದ್ದರೆ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು. ಹಾಗೆ ಮಾಡಿಸಿದರೆ ದಿನಾ ಸ್ಕೂಲಿಗೆ ಓಡಿಸುವಂತಿಲ್ಲ, ಪ್ರದರ್ಶನ, ರ್‍ಯಾಲಿ ಅಂಥವಕ್ಕೆ ಮಾತ್ರ. ನಾನು ಇನ್ನೂ ತೀರ್ಮಾನ ಮಾಡಿಲ್ಲ. ಅಪ್ಪನಿಗೆ ನಮ್ಮ ಎಂವೈ ನಂಬರ್ ಪ್ಲೇಟು ಹೋಗದಿದ್ದರೆ ಸಾಕು. ಮೈಸೂರು ರಾಜ್ಯ ಅಂತ ಇದ್ದ ಕಾಲದ ನಂಬರದು.

ಬಿಲ್ ಇಲ್ಲ, ವಾಪಸ್ ಇಲ್ಲ, ಮುಖ ನೋಡಿ ರೇಟು. ಹೆಂಗಸರಿಗೆ ಹೋಗಬಹುದಾ ಎಂದು ಗೆಳತಿಯೊಬ್ಬಳು ಕೇಳಿದಳು. ಧಾರಾಳವಾಗಿ ಹೋಗಬಹುದು, ನನಗೆ ಯಾರೂ ಒರಟಾಗಿ ಮಾತಾಡಲಿಲ್ಲ. ಟಾಯ್ಲೆಟ್ ಮಾತ್ರ ಇಲ್ಲ, ಸ್ಟೇಷನ್‌ನಲ್ಲೇ ಮುಗಿಸಿಕೊಂಡು ಹೋಗಿ. ಹಳೇ ಸೀರೆಯೋ ಚೂಡಿದಾರವೋ ಉಡಿ, ಆಯಿಲ್ ಕಲೆ ಹೋಗುವುದಿಲ್ಲ.

ಚಿಲಕ ಹಾಕಿಸಿದ ದಿನ ಅಪ್ಪ ಕೋಲೂರಿಕೊಂಡು ಶೆಡ್ಡಿಗೆ ಬಂದರು. ಎಡಗಡೆ ಕೂತು ತ್ರಿಕೋನ ಗಾಜನ್ನು ತೆರೆದರು, ಹಾಕಿದರು, ತೆರೆದರು. "ನಿಮ್ಮಮ್ಮ ಇದನ್ನ ಪೂರ್ತಿ ತೆಗೀತಾನೇ ಇರ್ಲಿಲ್ಲ. ಜಡೆ ಕೆದರುತ್ತೆ ಅಂತ" ಅಂದರು. ಅಡಿಕೆ ಪಟ್ಟೆ ಚೂರು ಎಲ್ಲಿ ಅಂತ ಕೇಳಿದರು. ಎಸೆದಿದ್ದೆ. ಅದಕ್ಕೆ ಬೈಸಿಕೊಂಡೆ.

ಇನ್ನೂ ಒಂದು ವೀಲ್ ಕಪ್ ಬಾಕಿ ಇದೆ, ಹಿಂದಿನ ಬಲಗಡೆಯದು. ಭಾಯ್ ನನ್ನ ನಂಬರ್ ಬರೆದುಕೊಂಡಿದ್ದಾರೆ. ಕಳೆದ ವಾರ ಅವರ ಹುಡುಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿ "ಅಕ್ಕ, ನಿಮ್ದು ಸಿಕ್ತು" ಎಂದು ಬರೆದಿದ್ದ. ತೆರೆದು ನೋಡಿದರೆ ಅಂಬಾಸಿಡರ್‌ದು.