ಹೀರೋ ಹೇಳಿದ ಪಾಲಿಸಿ, ಸೂಟು ಹಿಡಿದ ಬಿಲ್ಲು

ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಒಂದು ಹತ್ತಿ ದಲ್ಲಾಳಿ ಅಂಗಡಿ. ಅಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಹತ್ತು ರೂಪಾಯಿ ಹೆಚ್ಚುಕಡಿಮೆ ಬಂದರೂ ಊಟ ಸೇರುವುದಿಲ್ಲ. ಅಂಥವನು 2022ರ ಮಾರ್ಚ್‌ನಲ್ಲಿ ಒಂದು ಆರೋಗ್ಯ ವಿಮೆಗೆ ಒಂದು ಪುಟವನ್ನೂ ಓದದೆ ಸಹಿ ಹಾಕಿದೆ. ಯಾಕೆ ಅಂದರೆ ಟಿವಿಯಲ್ಲಿ ನನ್ನ ಹೀರೋ ಹೇಳಿದ್ದ.

ಕಂಪನಿಯ ಹೆಸರು ಬರೆಯುವುದಿಲ್ಲ. ಹೀರೋ ಹೆಸರೂ ಬೇಡ. ಅವನ ಸಿನಿಮಾ ಬಂದರೆ ಈಗಲೂ ಮೊದಲ ದಿನವೇ ಹೋಗುವವನು ನಾನು, ಆ ಸಂಬಂಧ ಕೆಡಿಸಿಕೊಳ್ಳುವುದಿಲ್ಲ. ಮೂರು ವರ್ಷಕ್ಕೂ ಜಾಸ್ತಿ ಈ ಪಾಲಿಸಿ ಬಳಸಿದ್ದೇನೆ, ಒಂದು ಸಲ ಕ್ಲೇಮ್ ಮಾಡಿದ್ದೇನೆ. ಆ ಅನುಭವ ಬರೆಯುತ್ತೇನೆ.

ಜಾಹೀರಾತು ನೀವೂ ನೋಡಿರುತ್ತೀರಿ, ಎಲ್ಲ ಒಂದೇ ಥರ ಇರುತ್ತವೆ. ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪ ತಲೆ ಹಿಡಿದು ಕೂತಿರುತ್ತಾನೆ. ಹೀರೋ ಬಂದು ಹೆಗಲ ಮೇಲೆ ಕೈ ಇಡುತ್ತಾನೆ. ಅಪ್ಪ ನಗುತ್ತಾನೆ. ಕೆಳಗೆ ಇರುವೆ ಸಾಲಿನ ಹಾಗೆ ಏನೋ ಅಕ್ಷರ ಓಡಿ ಹೋಗುತ್ತವೆ. ಮರುವಾರ ನನ್ನ ಹೆಂಡತಿಯ ಕಡೆಯ ಪರಿಚಯದ ಏಜೆಂಟ್ ಅಂಗಡಿಗೇ ಬಂದ. "ಅಣ್ಣಾರ, ಹೀರೋನ ಹೇಳ್ಯಾನ, ಇನ್ನೇನ್ರೀ ಬೇಕು?" ಅಂದ. ನಾನು, ಹೆಂಡತಿ, ಮಗಳು, ಮೂವರಿಗೂ ಸೇರಿ 5 ಲಕ್ಷದ ಪಾಲಿಸಿ. ಕಂತು 18,200, ಅದರ ಮೇಲೆ ಶೇಕಡಾ 18 ತೆರಿಗೆ 3,276. ಒಟ್ಟು 21,476. ಮೂರನೇ ವರ್ಷಕ್ಕೆ ಅದೇ 26,904 ಆಯಿತು. ನಮ್ಮಲ್ಲಿ ಹತ್ತಿ ರೇಟು ಕೂಡ ಇಷ್ಟು ಸಲೀಸಾಗಿ ಏರುವುದಿಲ್ಲ.

2024ರ ನವೆಂಬರ್ ಕೊನೆಯಲ್ಲಿ ಒಂದು ರಾತ್ರಿ ಹೆಂಡತಿಗೆ ಹೊಟ್ಟೆ ನೋವು ಶುರುವಾಯಿತು. ಬಲಗಡೆ ಪಕ್ಕೆಯಿಂದ ಬೆನ್ನಿಗೆ ಹೊಡೆಯುವ ನೋವು. ಹಿಂದಿನ ಸಂಜೆ ತಿಂದ ಮಿರ್ಚಿ ಅಂತ ಬೈದೆ. ಬೆಳಗ್ಗೆ ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಆಪರೇಷನ್ ಆಗಬೇಕು ಅಂದರು. ಇಲ್ಲಿ ರಿಮ್ಸ್ ಇದೆ, ಇಂಥ ಆಪರೇಷನ್ ಅಲ್ಲೇ ಆಗುತ್ತದೆ. ಆದರೆ ನಮ್ಮ ಮನೆಯಲ್ಲಿ ಸರ್ಕಾರಿ ದವಾಖಾನೆ ಅಂದರೆ ಮೊದಲಿಂದಲೂ ಒಂದು ಹಿಂಜರಿಕೆ. ಜೊತೆಗೆ ಅವಳ ತಮ್ಮ ಹೈದರಾಬಾದಿನಲ್ಲಿದ್ದಾನೆ. ಕೈಯಲ್ಲಿ ಹೀರೋ ಕೊಟ್ಟ ಕಾರ್ಡ್ ಬೇರೆ. ರಾಯಚೂರಿನ ರೂಢಿಯಂತೆ ರೈಲು ಹತ್ತಿ ಹೈದರಾಬಾದಿಗೆ ಹೋದೆವು.

ಮೊದಲು ಒಳ್ಳೆಯದು ಹೇಳಬೇಕು. ಕಾರ್ಡ್ ಕೆಲಸ ಮಾಡಿತು. ಕೌಂಟರ್‌ನಲ್ಲಿ ಆಧಾರ್, ಕಾರ್ಡ್ ಕೊಟ್ಟ ಮೇಲೆ ಮುಂಗಡ ಕಟ್ಟದೆಯೇ ದಾಖಲು ಮಾಡಿಕೊಂಡರು. ಮೊದಲ ಒಪ್ಪಿಗೆ ಒಂದು ತಾಸಿನೊಳಗೆ ಬಂತು. ಪಿತ್ತಕೋಶದ ಕಲ್ಲಿಗೆ ಎರಡು ವರ್ಷ ಕಾಯುವ ಷರತ್ತು ಇತ್ತು, ನಮ್ಮದು ಅದನ್ನು ದಾಟಿತ್ತು. ಕ್ಯಾಮೆರಾ ನಳಿಕೆ ಹಾಕಿ ಮಾಡುವ ಲ್ಯಾಪರೋಸ್ಕೋಪಿ ಆಪರೇಷನ್, ಹೊಟ್ಟೆಯಲ್ಲಿ ನಾಲ್ಕು ಸಣ್ಣ ತೂತು ಅಷ್ಟೇ. ಡಾಕ್ಟರು, ನರ್ಸುಗಳು ಒಳ್ಳೆಯವರು. ಕಲ್ಲನ್ನು ಒಂದು ಡಬ್ಬಿಯಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು. ತೊಗರಿಬೇಳೆಯಷ್ಟು, ಒಂಬತ್ತು.

ರೂಮಿನಲ್ಲಿ ಎಡವಟ್ಟಾಯಿತು. ದಾಖಲಾದ ದಿನ ದಿನಕ್ಕೆ 5,000ದ ರೂಮ್ ಖಾಲಿ ಇರಲಿಲ್ಲ. 8,000ದ್ದು ಇತ್ತು. ದಿನಕ್ಕೆ ಮೂರು ಸಾವಿರ ಕೈಯಿಂದ ಹೋಗಬಹುದು, ಹೋಗಲಿ ಅಂದುಕೊಂಡೆ. ಮೂರು ದಿನಕ್ಕೆ ಒಂಬತ್ತು ಸಾವಿರ. ಲೆಕ್ಕ ಬರೆಯುವವನಿಗೆ ಇಷ್ಟು ಗೊತ್ತಾಗುವುದಿಲ್ಲವೇ?

ಗೊತ್ತಾಗಲಿಲ್ಲ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ವಿಮೆ ಮೊತ್ತದ ಶೇಕಡಾ 1ರ ಮಿತಿ. ಅಂದರೆ ದಿನಕ್ಕೆ 5,000. ಅದನ್ನು ದಾಟಿದರೆ ಬಾಡಿಗೆ ಮಾತ್ರ ಕತ್ತರಿಸುವುದಿಲ್ಲ. ಆಪರೇಷನ್ ಥಿಯೇಟರ್, ಸರ್ಜನ್, ಅರಿವಳಿಕೆ ಡಾಕ್ಟರ್, ನರ್ಸಿಂಗ್, ಎಲ್ಲದರಲ್ಲೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಎಂಟಕ್ಕೆ ಐದು. ಅಂದರೆ ಶೇಕಡಾ 62.5 ಮಾತ್ರ ಅವರದು, ಉಳಿದದ್ದು ನಮ್ಮದು.

ಬಿಲ್ ಹೀಗಿತ್ತು. ರೂಮ್ 24,000. ಆಪರೇಷನ್, ಡಾಕ್ಟರ್, ನರ್ಸಿಂಗ್ 78,000. ಔಷಧಿ 22,000. ಪರೀಕ್ಷೆಗಳು 12,000. ಕೈಗವಸು, ಟೋಪಿ, ಫೈಲು, ಇತ್ಯಾದಿ 6,400. ಒಟ್ಟು 1,42,400. ಔಷಧಿ, ಪರೀಕ್ಷೆಗೆ ಪೂರ್ತಿ ಕೊಟ್ಟರು, ಅದು ನಿಯಮ. ರೂಮಿನಲ್ಲಿ 9,000 ಕಡಿತ. ಆಪರೇಷನ್ ಬಾಬತ್ತಿನಲ್ಲಿ 29,250 ಕಡಿತ. ಕೈಗವಸು ಬಾಬತ್ತು ಪೂರ್ತಿ ಕಡಿತ. ಕಂಪನಿ ಕೊಟ್ಟದ್ದು 97,750. ನಾನು ಕಟ್ಟಿದ್ದು 44,650.

ಗಂಜಿನಲ್ಲಿ ಇದಕ್ಕೆ ಒಂದು ಹೆಸರು ಇದೆ. ಸೂಟು. ರೈತ ಹತ್ತಿ ತಂದಾಗ ತೇವ ಇದೆ, ಕಸ ಇದೆ ಅಂತ ಕ್ವಿಂಟಲಿಗೆ ಇಷ್ಟು ಕಿಲೋ ಅಂತ ತೂಕದಲ್ಲಿ ಕಡಿಮೆ ಹಿಡಿಯುತ್ತಾರೆ. ರೈತ ಕೂಗಾಡುತ್ತಾನೆ. ಕಾಂಟಾದ ಪಕ್ಕ ಪೆನ್ನು ಹಿಡಿದು ಕೂತವನು ನಾನು. ಎಷ್ಟು ವರ್ಷ ಆ ಕೂಗು ಕೇಳಿಸಿಕೊಂಡು ಸುಮ್ನೆ ಬರೆದುಕೊಂಡಿದ್ದೇನೆ. ಆವತ್ತು ಹೈದರಾಬಾದಿನ ಬಿಲ್ಲಿಂಗ್ ಕೌಂಟರ್ ಮುಂದೆ ನಾನೇ ಕೂಗಾಡಿದೆ. ಒಳಗಿದ್ದ ಹುಡುಗ ತಲೆ ಎತ್ತದೆ ಟೈಪ್ ಮಾಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಕುರ್ಚಿ ನನಗೆ ಗೊತ್ತು.

ಡಿಸ್ಚಾರ್ಜ್ ದಿನ ಏಳು ತಾಸು ಕಾಯಿಸಿದರು. ಕೊನೆಯ ಒಪ್ಪಿಗೆ ಮೂರು ತಾಸಿನೊಳಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಜಾಸ್ತಿ ದುಡ್ಡು ಕೇಳಿದರೆ ಅದನ್ನು ಕಂಪನಿಯೇ ಕಟ್ಟಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲೇ ಆದೇಶ ಮಾಡಿದೆ. ನನಗೆ ಆಮೇಲೆ ಗೊತ್ತಾಯಿತು. ಜಾಹೀರಾತಿನಲ್ಲಿ ಇದನ್ನು ಹೇಳಬಹುದಿತ್ತು, ಅಲ್ವಾ? ಹೀರೋ ಬಾಯಲ್ಲಿ ಈ ಒಂದು ಸಾಲು ಬಂದಿದ್ದರೆ ರಾಜ್ಯಕ್ಕೆ ರಾಜ್ಯವೇ ಬಾಯಿಪಾಠ ಮಾಡುತ್ತಿತ್ತು.

ಆ ಏಳು ತಾಸಿನಲ್ಲಿ ಮಾವನ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಬಂತು. ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು, ತಮ್ಮ ಹೆಂಡತಿಯ ನಾಲ್ಕನೇ ಹಂತದ ಕ್ಯಾನ್ಸರ್ ವಾಸಿಯಾಗಲು ಅರಿಶಿನ, ಬೇವು, ನಿಂಬೆರಸದ ಪಥ್ಯ ದೊಡ್ಡ ಕಾರಣ ಅಂತ ಹೇಳಿದ್ದು. ಟಾಟಾ ಸ್ಮಾರಕ ಆಸ್ಪತ್ರೆಯ ಈಗಿನ, ಹಿಂದಿನ 262 ಕ್ಯಾನ್ಸರ್ ವೈದ್ಯರು ಸಹಿ ಹಾಕಿ, ಇದನ್ನು ನಂಬಿ ಚಿಕಿತ್ಸೆ ನಿಲ್ಲಿಸಬೇಡಿ ಅಂತ ಹೇಳಬೇಕಾಯಿತು. ಆ ಹೇಳಿಕೆ ನಮ್ಮ ಗುಂಪಿಗೆ ಬರಲೇ ಇಲ್ಲ. ಅರಿಶಿನದ್ದು ಮಾತ್ರ ಬಂತು. ಕೆಳಗೆ ಅತ್ತೆಯವರ ದನಿಯ ಮೆಸೇಜು: "ಕಲ್ಲಿಗೂ ಬೇವು ಚಲೋ ಅಂತ, ಸುಮ್ಮನ ಕೊಯ್ಸಿಬಿಟ್ರಿ."

ಮನೆಗೆ ಬಂದ ಮೇಲೆ ಮಗಳ ಜೊತೆ ದಿನಾ ಇದೇ ಜಗಳ. ಅವಳು ಬಿ.ಎಸ್ಸಿ ಓದುತ್ತಾಳೆ. ಸಿನಿಮಾದವರು, ಕ್ರಿಕೆಟ್‌ನವರು ಆರೋಗ್ಯದ ಬಗ್ಗೆ ಬಾಯಿ ಮುಚ್ಚಿಕೊಂಡಿರಲಿ ಅಂತ ನಾನು. ಬಾಯಿ ತೆರೆಯುವುದೇ ಒಳ್ಳೆಯದು ಅಂತ ಅವಳು. ಪೋಲಿಯೋ ಹನಿಗೆ ಅಮಿತಾಭ್ ಬಚ್ಚನ್ ಕರೆದದ್ದು ಮರೆತಿರೇನಪ್ಪಾ ಅಂದಳು. ಮರೆತಿಲ್ಲ. ಇವಳನ್ನೇ ಎತ್ತಿಕೊಂಡು ಬೂತಿಗೆ ಹೋದವನು ನಾನು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಆದರೆ ಅಲ್ಲಿ ಅವರು ಕರೆದದ್ದು ದುಡ್ಡಿಲ್ಲದ ಹನಿಗೆ. ಮನೆ ಬಾಗಿಲಿಗೆ ಅಂಗನವಾಡಿಯವರು ಡಬ್ಬಿ ಹಿಡಿದು ಬರುತ್ತಿದ್ದರು. ಮಾತಿನ ಹಿಂದೆ ವಸ್ತು ಇತ್ತು.

ಅವಳೇ ಯೂಟ್ಯೂಬ್‌ನಲ್ಲಿ ಇನ್ನೊಬ್ಬರನ್ನು ತೋರಿಸಿದಳು. ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಕಿಮ್ಮೆಲ್. 2017ರಲ್ಲಿ ಅವರಿಗೆ ಹುಟ್ಟಿದ ಗಂಡು ಮಗುವಿಗೆ ಹೃದಯದ ತೊಂದರೆ, ಮೂರನೇ ದಿನವೇ ಆಪರೇಷನ್. ಮೇ ತಿಂಗಳಲ್ಲಿ ತಮ್ಮ ಕಾರ್ಯಕ್ರಮದಲ್ಲಿ ಅಳುತ್ತಲೇ ಮಾತಾಡಿದರು. ಹುಟ್ಟಿನಿಂದ ಬಂದ ಕಾಯಿಲೆ ಅಂತ ಹಿಂದೆ ವಿಮೆ ಕಂಪನಿಗಳು ಇಂಥ ಮಗುವಿಗೆ ವಿಮೆಯನ್ನೇ ಕೊಡದೆ ಇರಬಹುದಿತ್ತು, ಆ ಕಾಲ ಮತ್ತೆ ಬರಬಾರದು ಅಂತ. ಕಂಪನಿಗಳು ಹಾಗೆ ಮಾಡದಂತೆ ತಡೆದ ಕಾನೂನನ್ನೇ ತೆಗೆಯುವ ಚರ್ಚೆ ಆಗ ಅಲ್ಲಿನ ಸಂಸತ್ತಿನಲ್ಲಿ. ಒಬ್ಬ ಸೆನೆಟರ್ ಅಂತೂ ಹೊಸ ಮಸೂದೆ ಕಿಮ್ಮೆಲ್ ಪರೀಕ್ಷೆ ಪಾಸಾಗಬೇಕು, ಅಂದರೆ ಇಂಥ ಮಗುವಿಗೂ ಬೇಕಾದ ಚಿಕಿತ್ಸೆ ಸಿಗಬೇಕು ಅಂದರು.

ಇಂಗ್ಲಿಷ್ ನನಗೆ ಅರ್ಧಂಬರ್ಧ. ಆದರೆ 'ಪ್ರೀ-ಎಕ್ಸಿಸ್ಟಿಂಗ್' ಅನ್ನುವ ಪದ ಕಿವಿಗೆ ಬಿದ್ದ ಕೂಡಲೇ ಎದ್ದು ಕೂತೆ. ಅದು ನನ್ನ ಪಾಲಿಸಿಯಲ್ಲೂ ಇದೆ! ನನಗೆ ಬಿಪಿ. ಮೊದಲೇ ಇದ್ದ ಕಾಯಿಲೆ ಅಂತ ನಾಲ್ಕು ವರ್ಷ ಕಾಯಿರಿ ಅಂದಿದ್ದರು. 2024ರಲ್ಲಿ ಆ ಗರಿಷ್ಠ ಮಿತಿಯನ್ನು ಮೂರು ವರ್ಷಕ್ಕೆ ಇಳಿಸಿದರು. ಅಲ್ಲಿ ಒಬ್ಬ ಟಿವಿಯವನು ಅದರ ಮೇಲೆ ಸರ್ಕಾರವನ್ನೇ ಪ್ರಶ್ನೆ ಮಾಡಿದ. ನಮ್ಮ ಹೀರೋ ಅದೇ ಷರತ್ತು ಇರುವ ಕಾಗದವನ್ನು ನಗುತ್ತಾ ಮಾರಿದ. ಅವತ್ತು ಮಗಳ ಮುಂದೆ ಸೋತೆ. ಇವರು ಪಾಲಿಸಿ ಬಗ್ಗೆ ಮಾತಾಡಬಾರದು ಅಂತ ಅಲ್ಲ. ಮಾತಾಡುತ್ತಲೇ ಇದ್ದಾರೆ, ಕಂಪನಿ ಬರೆದುಕೊಟ್ಟ ಪಾಲಿಸಿ ಬಗ್ಗೆ. ಸರ್ಕಾರದ ಪಾಲಿಸಿ ಬಗ್ಗೆ ಮಾತಾಡಿದರೆ ಮಾತ್ರ ಅದು ರಾಜಕೀಯ ಆಗಿಬಿಡುತ್ತದೆ.

ನಮ್ಮ ಆಪರೇಷನ್ ಆದ 2024ರ ಡಿಸೆಂಬರ್‌ನಲ್ಲೇ ಶಿವಣ್ಣ ಕ್ಯಾನ್ಸರ್ ಆಪರೇಷನ್‌ಗೆ ಅಮೆರಿಕದ ಮಿಯಾಮಿಗೆ ಹೋದರು. ಮುಚ್ಚಿಡಲಿಲ್ಲ, ಜನರಿಗೆ ಹೇಳಿಯೇ ಹೋದರು. ಹೊಸ ವರ್ಷದ ದಿನ ವಿಡಿಯೋದಲ್ಲಿ ಅವರು ಮಾತಾಡಿದಾಗ ನನ್ನ ಹೆಂಡತಿ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಅತ್ತಳು. ಧೈರ್ಯ ಬಂತು ಅಂದಳು. ಅಪ್ಪು ತೀರಿಕೊಂಡ 2021ರ ಅಕ್ಟೋಬರ್ 29ರ ನಂತರ ನಮ್ಮ ಗಂಜಿನ ಹಮಾಲರೂ ಇಸಿಜಿ ಮಾಡಿಸಿಕೊಂಡು ಬಂದಿದ್ದರು. ಕಣ್ಣುದಾನಕ್ಕೆ ಜನ ಸಾಲುಗಟ್ಟಿದರು. ಆಮೇಲೆ ಸರ್ಕಾರ ಅವರ ಹೆಸರಲ್ಲೇ ಹೃದಯ ಜ್ಯೋತಿ ಯೋಜನೆ ತಂದಿತು. ಎದೆನೋವು ಅಂತ ತಾಲ್ಲೂಕು ಆಸ್ಪತ್ರೆಗೆ ಹೋದರೆ ಇಸಿಜಿ ಮಾಡಿ, ದೊಡ್ಡ ಆಸ್ಪತ್ರೆಯ ಡಾಕ್ಟರ ಸಲಹೆ ಪಡೆದು, ಹೊರಗೆ ಸಾವಿರಾರು ರೂಪಾಯಿ ಬೆಲೆಯ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನು ಪುಕ್ಕಟೆ ಕೊಡುವ ಯೋಜನೆ. ಈ ಇಂಜೆಕ್ಷನ್ನಿನ ಹೆಸರನ್ನು ಯಾರಾದರೂ ಹೀರೋ ದಿನಾ ಟಿವಿಯಲ್ಲಿ ಹೇಳಲಿ ನೋಡೋಣ. ನಾನು ಅವನಿಗೆ ಹಾಲಿನ ಅಭಿಷೇಕ ಮಾಡುತ್ತೇನೆ.

ಮಾನ್ವಿ ಕಡೆಯ ಹಳ್ಳಿಯಲ್ಲಿರುವ ನಮ್ಮಣ್ಣ ನನ್ನ ಬಿಲ್ಲು ನೋಡಿ ನಕ್ಕ. ಅವನು ಸಹಕಾರಿ ಸೊಸೈಟಿ ಸದಸ್ಯ, ಸೊಸೈಟಿ ಸದಸ್ಯರಿಗೆ ಇರುವ ಯಶಸ್ವಿನಿ ಆರೋಗ್ಯ ಯೋಜನೆಗೆ ವರ್ಷಕ್ಕೆ ಮನೆಯವರೆಲ್ಲ ಸೇರಿ 500 ರೂಪಾಯಿ ಕಟ್ಟುತ್ತಾನೆ. ಅದಕ್ಕೂ ಮಿತಿಗಳಿವೆ, ಪಟ್ಟಿಯಲ್ಲಿರುವ ಚಿಕಿತ್ಸೆ, ಪಟ್ಟಿಯಲ್ಲಿರುವ ಆಸ್ಪತ್ರೆ ಮಾತ್ರ. ಆದರೆ ಅದನ್ನು ಮಾರಲು ಹೀರೋ ಬೇಕಾಗಲಿಲ್ಲ, ಸೊಸೈಟಿ ಸೆಕ್ರೆಟರಿ ಸಾಕಾಯಿತು. 2003ರಲ್ಲಿ ಶುರುವಾದಾಗ ಅದರ ಹಿಂದೆ ಡಾಕ್ಟರ್ ದೇವಿ ಶೆಟ್ಟಿಯವರ ತಲೆ ಇತ್ತು. ಅವರೂ ಹೆಸರುವಾಸಿಯೇ. 2018ರಲ್ಲಿ ನಿಂತಿತು, ನಾಲ್ಕು ವರ್ಷ ಇರಲಿಲ್ಲ, ಆಮೇಲೆ ಮತ್ತೆ ಬಂತು. ಆ ನಾಲ್ಕು ವರ್ಷವೇ ಇಂಥ ಪಾಲಿಸಿಗಳ ಜಾಹೀರಾತು ನಮ್ಮ ಮನೆಯ ಟಿವಿಯಲ್ಲಿ ಜಾಸ್ತಿಯಾದದ್ದು. ಇದು ನನ್ನ ಅನುಮಾನ ಅಷ್ಟೇ, ಲೆಕ್ಕ ಅಲ್ಲ.

ಇನ್ನು ನಮ್ಮದು ಎಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ನಮ್ಮಂಥವರಿಗೆ ಪ್ಯಾಕೇಜ್ ದರದ ಶೇಕಡಾ 30, ಗರಿಷ್ಠ ಒಂದೂವರೆ ಲಕ್ಷ. ಖಾಸಗಿಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕು. ಅದನ್ನೂ ಕ್ಲೇಮ್ ಮುಗಿದ ಮೇಲೆ ಓದಿಕೊಂಡೆ.

ಊರಲ್ಲಿ ಏಮ್ಸ್ ಬೇಕು ಅಂತ 2022ರ ಮೇ 13ರಿಂದ ಧರಣಿ ಕೂತರು. ಸಾವಿರ ದಿನ ದಾಟಿತು. ಐಐಟಿ ಕೈತಪ್ಪಿ ಧಾರವಾಡಕ್ಕೆ ಹೋದ ಹೊಟ್ಟೆಉರಿಯೂ ಅದರಲ್ಲಿದೆ. ನಾನು ಎರಡು ಸಲ ಹೋಗಿ ಒಂದೊಂದು ತಾಸು ಕೂತು ಬಂದೆ, ಜಾಸ್ತಿ ಏನೂ ಅಲ್ಲ. ನನಗೆ ಪಾಲಿಸಿ ಮಾರಿದ ಹೀರೋ ಆ ಬಗ್ಗೆ ಒಂದು ಮಾತಾಡಿದ್ದು ನಾನು ಕೇಳಿಲ್ಲ. ಸುಳ್ಳು ಜಾಹೀರಾತಿಗೆ ಮುಖ ಕೊಟ್ಟವರಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷ. ಆದರೆ ನನ್ನ ಹೀರೋ ಸುಳ್ಳು ಹೇಳಿರಲಿಲ್ಲ. ಅರ್ಧ ಹೇಳಿದ್ದ. ಉಳಿದರ್ಧ ಹದಿನಾಲ್ಕನೇ ಪುಟದಲ್ಲಿತ್ತು. ದೂರು ಕೊಟ್ಟಾಗ ಕಂಪನಿ ಆ ಪುಟದ ಫೋಟೋವನ್ನೇ ಕಳಿಸಿತು. ಹಾಗಾಗಿ ವಿಮೆ ತಕರಾರು ಕೇಳುವ ವಿಮಾ ಓಂಬುಡ್ಸ್‌ಮನ್ ತನಕ ಹೋಗಲಿಲ್ಲ. ನಿಮ್ಮದು ನಿಜವಾದ ತಕರಾರು ಇದ್ದರೆ ಹೋಗಿ, ಬೆಂಗಳೂರಿನಲ್ಲಿ ಕಚೇರಿ ಇದೆ, ಶುಲ್ಕ ಇಲ್ಲ.

ಐದಕ್ಕೆ ಎರಡೂವರೆ ಸ್ಟಾರ್ ಕೊಡುತ್ತೇನೆ. ಕಾರ್ಡಿಗೆ ಒಂದು, ಮೊದಲ ಒಪ್ಪಿಗೆಗೆ ಒಂದು. ಉಳಿದ ಅರ್ಧ ಔಷಧಿ ದುಡ್ಡಿನಲ್ಲಿ ಸೂಟು ಹಿಡಿಯದೆ ಇದ್ದದ್ದಕ್ಕೆ. ತಗೊಳ್ಳುವವರು ರೂಮ್ ಬಾಡಿಗೆಗೆ ಮಿತಿ ಇಲ್ಲದ ಪಾಲಿಸಿ ಕೇಳಿ. ಕಾಗದ ಕೈಗೆ ಬಂದ ಮೇಲೆ ಮೂವತ್ತು ದಿನ ಟೈಮ್ ಇರುತ್ತದೆ, ಓದಿ ಬೇಡ ಅನಿಸಿದರೆ ವಾಪಸ್ ಮಾಡಬಹುದು. ಬೇರೆ ಕಂಪನಿಗೆ ಬದಲಾಯಿಸುವುದಿದ್ದರೆ ನವೀಕರಣಕ್ಕೆ 45 ದಿನ ಮೊದಲೇ ಅರ್ಜಿ ಹಾಕಿ.

ಮೊನ್ನೆ ಏಜೆಂಟ್ ಫೋನ್ ಮಾಡಿದ್ದ. 2025ರ ಸೆಪ್ಟೆಂಬರ್ 22ರಿಂದ ಕಂತಿನ ಮೇಲಿನ ತೆರಿಗೆ ಹೋಗಿದೆ, ಈ ಸಲ ಹಗುರ ಅಂದ. ಆಮೇಲೆ ದನಿ ಏರಿಸಿ, "ಅಣ್ಣಾರ, ಈ ಸಲ ಕಂಪನಿಯವರು ಹೊಸ ಹೀರೋನ್ನ ತಗೊಂಡಾರ್ರೀ" ಅಂದ.

ರೂಮ್ ಬಾಡಿಗೆದು ಏನಾಯ್ತಪ್ಪ ಅಂತ ಕೇಳಿದೆ.

"ಅದು ಹಂಗೇ ಐತ್ರಿ."