ಪೆಟ್ರೋಲ್ ಕುಡಿದ ಹೊಟ್ಟು ಕೂಡ ಪೆಟ್ರೋಲೇ

ಈ ಅನಾಹುತ ನಡೆಯುವ ಬಗೆ ಹೆಚ್ಚುಕಡಿಮೆ ಒಂದೇ. ಶೆಡ್ಡಿನೊಳಗೆ ಕ್ಯಾನ್ ಉರುಳಿ ಎರಡು ಮೂರು ಲೀಟರ್ ಪೆಟ್ರೋಲ್ ನೆಲಕ್ಕೆ ಚೆಲ್ಲುತ್ತದೆ. ಕೈಗೆ ಸಿಕ್ಕ ಮರದ ಹೊಟ್ಟು ಸುರಿಯುತ್ತಾರೆ. ಹತ್ತು ನಿಮಿಷದಲ್ಲಿ ನೆಲ ಒಣಗಿದಂತೆ ಕಾಣುತ್ತದೆ. ಹೊಟ್ಟನ್ನು ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅಲ್ಲೇ ಮೂಲೆಗಿಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಮರುದಿನ ಯಾರೋ ಬಂದು ದೀಪದ ಸ್ವಿಚ್ ಒತ್ತಿದಾಗ, ಇಲ್ಲವೇ ಅಲ್ಲಿದ್ದ ಹಳೇ ಫ್ರಿಜ್ ತಾನಾಗಿ ಚಾಲೂ ಆದಾಗ, ಒಳಗೆಲ್ಲ ಬೆಂಕಿ.

ಹೀರುವ ವಸ್ತು ಪೆಟ್ರೋಲನ್ನು ಹರಿಯದಂತೆ ಹಿಡಿಯುತ್ತದೆ, ಅಷ್ಟೇ. ಆವಿಯಾಗುವುದನ್ನು ತಡೆಯುವುದಿಲ್ಲ. ಚೂರು ಚೂರಿಗೂ ಪೆಟ್ರೋಲ್ ಹತ್ತಿಕೊಂಡು ಗಾಳಿಗೆ ತೆರೆದುಕೊಳ್ಳುವುದರಿಂದ ಆವಿ ಇನ್ನೂ ಬೇಗ ಏಳಬಹುದು. ಸಾಲದ್ದಕ್ಕೆ ಹೊಟ್ಟು ತಾನೇ ಉರುವಲು.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 200 ಲೀಟರ್ ಆವಿ. ಗಾಳಿಯಲ್ಲಿ ಅದು ಶೇ. 1.4ರಷ್ಟು ಸೇರಿದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಅಂದರೆ ಉದ್ದ, ಅಗಲ, ಎತ್ತರ ಮೂರೂ 3 ಮೀಟರ್ ಇರುವ ಕೋಣೆಗೆ ಎರಡು ಲೀಟರ್ ಸಾಕು. ನಿಜದಲ್ಲಿ ಅಷ್ಟೂ ಬೇಕಿಲ್ಲ. ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರದೆ ನೆಲಕ್ಕಂಟಿಕೊಂಡು ಹರಿದು ತಗ್ಗು ಹುಡುಕುತ್ತದೆ. ಸುಮಾರು ಮೈನಸ್ 40 ಡಿಗ್ರಿ ಚಳಿಯಲ್ಲೂ ಪೆಟ್ರೋಲ್ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಡೀಸೆಲ್‌ಗೆ 50 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಎಂಜಿನ್ ಆಯಿಲ್, ಡೀಸೆಲ್ ಒರೆಸಿ ಪಳಗಿದ ಕೈಗಳೇ ಪೆಟ್ರೋಲ್ ವಿಷಯದಲ್ಲಿ ಎಡವುವುದು ಇದಕ್ಕೇ. ಮೂಗನ್ನೂ ನಂಬಬೇಡಿ. ಕೆಲವೇ ನಿಮಿಷಗಳಲ್ಲಿ ಅದು ವಾಸನೆಗೆ ಒಗ್ಗಿಹೋಗುತ್ತದೆ.

ಚೆಲ್ಲಿದ ಕೂಡಲೇ ಜನರನ್ನು ದೂರ ಕಳಿಸಿ, ಬಾಗಿಲು ಕಿಟಕಿ ತೆರೆಯಿರಿ. ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರುತ್ತದೆ. ಮಾಮೂಲಿ ಫ್ಯಾನಾಗಲೀ ವ್ಯಾಕ್ಯೂಮ್ ಕ್ಲೀನರ್ ಆಗಲೀ ಹತ್ತಿರ ತರಬೇಡಿ. ನೆಲಮಾಳಿಗೆಯಲ್ಲಿ ಚೆಲ್ಲಿದ್ದರೆ ಹೀರಿಸುವ ಸಾಹಸವೇ ಬೇಡ, ಹೊರಬಂದು ಅಗ್ನಿಶಾಮಕ ದಳಕ್ಕೆ ತಿಳಿಸಿ.

ನೀರು ಸುರಿದು ಚರಂಡಿಗೆ ತಳ್ಳುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಮೆಕ್ಸಿಕೋದ ಗ್ವಾಡಲಹಾರದಲ್ಲಿ ಪೈಪ್‌ಲೈನಿನಿಂದ ಸೋರಿದ ಪೆಟ್ರೋಲ್ ಒಳಚರಂಡಿಗೆ ಇಳಿದು, 1992ರ ಏಪ್ರಿಲ್ 22ರಂದು ಕಿಲೋಮೀಟರ್‌ಗಟ್ಟಲೆ ಬೀದಿಗಳೇ ಸಿಡಿದವು. ಸತ್ತವರು 200ಕ್ಕೂ ಹೆಚ್ಚು. ಆದ್ದರಿಂದ ಮೊದಲು ಚರಂಡಿಯ ಬಾಯಿ ಮುಚ್ಚಿ, ಆಮೇಲೆ ಚೆಲ್ಲಿದ್ದರ ಸುತ್ತ ಹೀರುವ ಹರಳಿನ (ಸುಟ್ಟ ಜೇಡಿಮಣ್ಣಿನ ಸಣ್ಣ ಕಾಳುಗಳ) ಬದು ಕಟ್ಟಿ, ಕೊನೆಗೆ ಅದೇ ಹರಳನ್ನು ಅಂಚಿನಿಂದ ನಡುವಿಗೆ ಹರಡುತ್ತ ಬನ್ನಿ.

ಸುಟ್ಟ ಜೇಡಿಮಣ್ಣಿನ ಹರಳು ಉರಿಯುವುದಿಲ್ಲ, ಆದರೆ ತನ್ನ ತೂಕದಷ್ಟನ್ನೂ ಹೀರುವುದು ಕಷ್ಟ. 5 ಲೀಟರ್ ಪೆಟ್ರೋಲಿನ ತೂಕ 3.7 ಕಿಲೋ; ಅದಕ್ಕೆ 7–8 ಕಿಲೋ ಹರಳು ಕೈಯಲ್ಲಿರಲಿ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳ ಹೀರುವ ಪ್ಯಾಡ್ ತನ್ನ ತೂಕದ ಹತ್ತು ಪಟ್ಟಿಗಿಂತ ಹೆಚ್ಚು ಹೀರುತ್ತದೆ, ನೀರನ್ನು ಮುಟ್ಟುವುದಿಲ್ಲ. ಎಷ್ಟು ಹೀರುತ್ತದೆಂದು ಪ್ಯಾಡಿನ ಕವರಿನ ಮೇಲೆ ಬರೆದ ಅಂಕಿ ಸಾಮಾನ್ಯವಾಗಿ ದಪ್ಪ ಎಣ್ಣೆಯದು. ತೆಳ್ಳಗಿನ ಪೆಟ್ರೋಲ್ ಅಷ್ಟು ನಿಲ್ಲದೆ, ಪ್ಯಾಡ್ ಎತ್ತಿದರೆ ತೊಟ್ಟಿಕ್ಕುತ್ತದೆ. ಪ್ಯಾಡನ್ನು ಉಜ್ಜಬೇಡಿ, ಸ್ಥಿರ ವಿದ್ಯುತ್ತಿನ ಕಿಡಿಯೂ ಪೆಟ್ರೋಲ್ ಆವಿಗೆ ಸಾಕು. ಸುಮ್ಮನೆ ಹಾಸಿ, ಹೀರಿದ ಮೇಲೆ ಮೆಲ್ಲಗೆ ಎತ್ತಿ. ಇನ್ನೊಂದು ಮಾತು: ಎಥನಾಲ್ ಬೆರೆತ ಪೆಟ್ರೋಲ್ ನೀರಿಗೆ ಬಿದ್ದರೆ ಎಥನಾಲ್ ನೀರಿನಲ್ಲಿ ಕರಗುತ್ತದೆ. ಪ್ಯಾಡ್ ಮೇಲಿನ ಪೊರೆಯನ್ನಷ್ಟೇ ತೆಗೆಯುತ್ತದೆ, ನೀರು ಶುದ್ಧವಾಗಿರುವುದಿಲ್ಲ.

ಹರಳನ್ನು ಎತ್ತಲು ಪ್ಲಾಸ್ಟಿಕ್ ಸಲಿಕೆ ಸಾಕು. ಕಬ್ಬಿಣ ಕಾಂಕ್ರೀಟಿಗೆ ಉಜ್ಜಿದರೆ ಕಿಡಿ ಏಳಬಹುದು. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ, ಲೇಟೆಕ್ಸ್ ಮೂಲಕ ಪೆಟ್ರೋಲ್ ಬೇಗ ಇಳಿಯುತ್ತದೆ. ಎತ್ತಿದ್ದನ್ನು ಬಿಗಿ ಮುಚ್ಚಳದ ಲೋಹದ ಡಬ್ಬಕ್ಕೆ ಹಾಕಿ. ಒತ್ತಿ ತುರುಕಬೇಡಿ, ಹೀರಿದ್ದೆಲ್ಲ ತಳಕ್ಕೆ ಇಳಿಯುತ್ತದೆ. ತೆಳು ಪ್ಲಾಸ್ಟಿಕ್ ಚೀಲದ ಗೋಡೆಯಿಂದಲೇ ಆವಿ ಹೊರಬರುತ್ತದೆ. ಡಬ್ಬ ಹೊರಗೆ, ನೆರಳಲ್ಲಿ ಇರಲಿ. ಮನೆಕಸಕ್ಕೆ ಸೇರಿಸದೆ ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೇ ಕೊಡಿ. ಕಾಂಕ್ರೀಟ್ ರಂಧ್ರಗಳಲ್ಲಿ ಉಳಿದದ್ದಕ್ಕೆ ಹೊಸ ಹರಳು ಹರಡಿ ಬಿಟ್ಟು ಮತ್ತೆ ಎತ್ತಬೇಕು, ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ.

ಆವಿಗೆಂದು ಬಟ್ಟಲಲ್ಲಿ ಇದ್ದಿಲು ಇಡುವವರಿದ್ದಾರೆ. ಸಕ್ರಿಯ ಇದ್ದಿಲು ತನ್ನ ಮೂಲಕ ಹಾದುಹೋದ ಗಾಳಿಯನ್ನಷ್ಟೇ ಶುದ್ಧ ಮಾಡುತ್ತದೆ. ಬಟ್ಟಲಲ್ಲಿ ಕೂತದ್ದರಿಂದ ಸುಖವಿಲ್ಲ. ಬಿಸಿಯಾದರೆ ಹಿಡಿದ ಆವಿಯನ್ನೂ ವಾಪಸ್ ಬಿಡುತ್ತದೆ. ದಟ್ಟ ಆವಿ ಹೀರುವಾಗ ತಾನೇ ಬಿಸಿಯಾಗುತ್ತದೆ ಕೂಡ.

ಬಟ್ಟೆಗೆ ಪೆಟ್ರೋಲ್ ತಾಗಿದ್ದರೆ ನೀರು ಹಾಕದೆ ಎಳೆದು ಬಿಚ್ಚಬೇಡಿ, ಉಜ್ಜಿಕೆಗೆ ಸ್ಥಿರ ವಿದ್ಯುತ್ತಿನ ಕಿಡಿ ಏಳಬಹುದು. ಮೊದಲು ನೀರು ಹಾಕಿ ತೋಯಿಸಿ, ಆಮೇಲೆ ತೆಗೆಯಿರಿ. ಹೊರಗೆ ಗಾಳಿಯಲ್ಲಿ ವಾಸನೆ ಪೂರ್ತಿ ಹೋಗುವ ತನಕ ಅದನ್ನು ಒಗೆಯುವ ಯಂತ್ರಕ್ಕೂ ಡ್ರೈಯರಿಗೂ ಹಾಕಬೇಡಿ.